ಅಮ್ಮ ಹೇಳಿದ ಹರಕೆ, ನಾನು ಹತ್ತಿದ ಗುಡ್ಡ

ನಾನು ಎದ್ದು ನಿಲ್ಲಲು ಕಲಿಯುವ ಪ್ರಾಯದಲ್ಲಿ ಜ್ವರ ಬಂದು ಎಡಗಾಲು ಹೋಯಿತು. ಹೋಯಿತು ಎಂದರೆ ಕಡಿದು ಹೋದದ್ದಲ್ಲ. ಕಾಲು ಇದೆ, ಬಲ ಇಲ್ಲ. ಅಮ್ಮ ಆಗ ಮುಂಡಾಜೆಯ ಕಡೆ ತನ್ನ ತಾಯಿಮನೆಯಲ್ಲಿದ್ದಳು. ಆ ಮನೆಯ ಅಂಗಳದಿಂದ ಒಂದು ಕಲ್ಲುಗುಡ್ಡ ಕಾಣುತ್ತದೆ, ತುದಿಯಲ್ಲಿ ದೇವಸ್ಥಾನ. ಗುಡ್ಡದ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಹೋಗುವವರು ತುಂಬ ಜನ ಇದ್ದಾರೆ, ನನ್ನ ಮಾತು ಓದಿ ಯಾರಿಗೂ ಬೇಸರ ಆಗುವುದು ಬೇಡ. ಅಮ್ಮ ಅಂಗಳದಲ್ಲಿ ನಿಂತು ಗುಡ್ಡದ ಕಡೆಗೆ ಕೈಮುಗಿದು ಹರಕೆ ಹೇಳಿದಳು. ಮಗುವಿನ ಕಾಲು ಬಂದರೆ ಅವಳನ್ನು ನಡೆಸಿಕೊಂಡೇ ಮೇಲೆ ಬಂದು ಒಂದು ಕಾಯಿ ಒಡೆಸುತ್ತೇನೆ ಎಂದಳು. ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸುತ್ತೇನೆ ಎಂದು ಹೇಳುವಷ್ಟು ನಮ್ಮಲ್ಲಿ ಇರಲಿಲ್ಲ. ಇಷ್ಟೇ ಹರಕೆ.

ನಾನು ಬಹಳ ವರ್ಷ ತೆವಳಿದೆ. ಅಮ್ಮ ಎಣ್ಣೆ ತಿಕ್ಕಿದಳು, ಕಷಾಯ ಕುಡಿಸಿದಳು, ಬಿಸಿಮರಳಿನಲ್ಲಿ ಕಾಲು ಹೂತು ಕೂರಿಸಿದಳು. ಕೊನೆಗೆ ಒಂದು ದಿನ ಗೋಡೆ ಹಿಡಿದು ನಿಂತೆ. ಆಮೇಲೆ ಕೋಲು ಹಿಡಿದು ನಡೆದೆ. ಎಡಗಾಲನ್ನು ಎಳೆದುಕೊಂಡು ಬರಬೇಕು, ಅದು ತಾನಾಗಿ ಬರುವುದಿಲ್ಲ. ನೆರೆಯವರು, "ಕಾಲು ಬಂತಲ್ಲ ಮಾರಾಯ್ತಿ, ಹೋಗಿ ಕಾಯಿ ಒಡೆಸಿ ಬಾ" ಎಂದರು. ಅಮ್ಮ ಅವರ ಮೇಲೆ ಹರಿಹಾಯ್ದಳು. "ಇದು ಕಾಲು ಬಂದದ್ದಾ? ಇನ್ನೂ ಬರ್ಲಿಕ್ಕುಂಟು." ಅವಳು ಸಾಯುವವರೆಗೂ ಅದು ಬರಲಿಕ್ಕೇ ಇತ್ತು.

ಶಾಲೆಗೆ ನೀರು ಹರಿಯುವ ತೋಡು ದಾಟಬೇಕಿತ್ತು. ಹೊತ್ತು ದಾಟಿಸುವವರು ಇರುವಷ್ಟು ಕಾಲ ಹೋದೆ, ಅಕ್ಷರ ಕಲಿತದ್ದು ಅಷ್ಟರಲ್ಲಿ. ಆಮೇಲೆ ಬೀಡಿ ಕಟ್ಟಲು ಕೂತೆ. ಕೂತೇ ಮಾಡುವ ಕೆಲಸ, ನನಗೆ ಸರಿಯಾಯಿತು. ಮದುವೆ ಆಗಲಿಲ್ಲ. ನಮ್ಮಲ್ಲಿ ಮನೆ, ಆಸ್ತಿ ಹೆಣ್ಣುಮಕ್ಕಳ ಕಡೆಗೆ ಹೋಗುವುದರಿಂದ ಯಾರೂ ನನ್ನನ್ನು ಮನೆಯಿಂದ ಎಬ್ಬಿಸಲಿಲ್ಲ. ತಂಗಿಯ ಜೊತೆ ಇದ್ದೆ. ತಂಗಿ ತೀರಿಹೋದ ಮೇಲೆ ಅವಳ ಮಗಳ ಜೊತೆ ಇದ್ದೇನೆ. ಮನೆ ಮೆಲ್ಕಾರಿನಿಂದ ಸ್ವಲ್ಪ ಒಳಗೆ. ತಂಗಿಯ ಮಗಳ ಗಂಡ ಬಸ್ಸು ಓಡಿಸುತ್ತಾನೆ, ಮನೆಗೆ ಬಂದರೆ ಮಲಗುತ್ತಾನೆ. ಅವರಿಗೆ ಒಬ್ಬಳೇ ಮಗಳು. ಆ ಹುಡುಗಿಯನ್ನು ಮೂಡುಬಿದಿರೆಗೆ ಕೊಟ್ಟಿದ್ದೇವೆ.

ಅವಳಿಗೆ ಎರಡು ಸಲ ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಕೈಕಾಲು ಮೂಡಿದ ಮೇಲೆ. ಆರಾಮ ಮಾಡಲು ತಾಯಿಮನೆಗೆ ಬಂದವಳು ಗಂಡನ ಮನೆಗೆ ಹಿಂದೆ ಹೋಗಲಿಲ್ಲ. ಗಂಡ ಒಳ್ಳೆಯ ಹುಡುಗ. ಭಾನುವಾರ ಬಸ್ಸಿನಲ್ಲಿ ಬಂದು ಚಾವಡಿಯಲ್ಲಿ ಕೂತು, ಊಟ ಮಾಡಿ, ಸಂಜೆ ಒಬ್ಬನೇ ಹೋಗುತ್ತಿದ್ದ. ಡಾಕ್ಟರು ಅವಳಲ್ಲಿ ಏನೂ ದೋಷ ಇಲ್ಲ ಎಂದಿದ್ದರು. ದೋಷ ಇದೆ ಎಂದಿದ್ದರೆ ಒಳ್ಳೆಯದಿತ್ತು, ಮದ್ದು ಕೊಡುತ್ತಿದ್ದರು. ಇಲ್ಲ ಎಂದದ್ದಕ್ಕೆ ಅವಳ ತಾಯಿ ಪ್ರಶ್ನೆ ಇಡಿಸಿದಳು. ಜೋಯಿಸರು ಕವಡೆ ಹಾಕಿ, ಈ ಕುಟುಂಬದ ಹಳೆಯ ಹೆಂಗಸು ಒಬ್ಬಳು ಹೇಳಿದ ಹರಕೆ ಬಾಕಿ ಉಂಟು, ಅದು ಸಂತಾನಕ್ಕೆ ಅಡ್ಡ ನಿಂತಿದೆ ಎಂದರು.

ತಂಗಿಯ ಮಗಳು ಮನೆಗೆ ಬಂದವಳೇ ಚಪ್ಪಲಿ ಕಳಚುವ ಮೊದಲು ಕೇಳಿದಳು.

"ದೊಡ್ಡಮ್ಮ, ಅಜ್ಜಿ ಎಂತಾದ್ರೂ ಹರಕೆ ಹೇಳಿದ್ದು ನೆನಪುಂಟಾ?"

"ಉಂಟು. ಬಾಕಿ ಇಲ್ಲ."

"ತೀರಿಸಿದ್ದಾರಾ?"

"ಕಾಲು ಬಂದ್ರೆ ಅಂತ ಹೇಳಿದ್ದು. ಬಂದಿದೆಯಾ, ನೀನೇ ನೋಡು." ಸೀರೆ ಸರಿಸಿ ತೋರಿಸಿದೆ. "ದೇವರು ಅವರ ಕೆಲಸ ಮಾಡ್ಲಿಲ್ಲ. ನಾವು ಎಂತ ತೀರಿಸುವುದು?"

ಅವಳು ಕೆನ್ನೆಗೆ ಬಡಿದುಕೊಂಡಳು. ಆಮೇಲೆ ಸುಲಭದ ದಾರಿ ಹೇಳಿದಳು. ಗುಡ್ಡದ ಬುಡಕ್ಕೆ ಕಾರಿನಲ್ಲಿ ಹೋಗಿ ಡಬ್ಬಿಗೆ ತಪ್ಪು ಕಾಣಿಕೆ ಹಾಕಿ, ತಡವಾಯಿತು, ಕ್ಷಮಿಸಬೇಕು ಎಂದು ಕೈಮುಗಿದು ಬರುವುದು. ನಮ್ಮಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಹರಕೆ ಮರೆತವರು, ದಿನ ತಪ್ಪಿದವರು.

"ಯಾರ ತಪ್ಪು?" ಎಂದೆ. "ನನ್ನ ಅಮ್ಮ ಹರಕೆ ಹೇಳಿ ಮರೆತು ಉಂಡು ಮಲಗಿದವಳಾ? ತಪ್ಪು ಕಾಣಿಕೆ ಹಾಕಿದ್ರೆ ತಪ್ಪು ಒಪ್ಪಿದ ಹಾಗೆ. ಅದು ಆಗ್ಲಿಕ್ಕಿಲ್ಲ."

"ನಿಮಗೆ ಸತ್ತವರ ಮಾನ ದೊಡ್ಡದಾ, ಬದುಕಿದ ಹುಡುಗಿ ದೊಡ್ಡದಾ?"

ನಾನು ಸೀರೆ ಸರಿಮಾಡಿ ಕೋಲು ಹಿಡಿದು ಎದ್ದೆ.

ಹುಡುಗಿ ಮರುದಿನ ನನ್ನ ಹತ್ತಿರ ಬಂದು ಕೂತಳು. ನಾನು ಬೀಡಿಯ ಎಲೆ ಕತ್ತರಿಸುತ್ತಿದ್ದೆ. ಈಗ ಕೈ ಸುಮ್ಮನಿರಲು ಆಗದ್ದಕ್ಕೆ ಸ್ವಲ್ಪ ಸ್ವಲ್ಪ ಕಟ್ಟುತ್ತೇನೆ. ಅವಳು ಗೆರಸೆಯಿಂದ ಎಲೆ ಎತ್ತಿ ಕೊಡುತ್ತಾ ತಲೆ ಎತ್ತದೆ ಹೇಳಿದಳು.

"ಇದು ತೀರದೆ ನಾನು ಆ ಮನೆಗೆ ಹೋಗುವುದಿಲ್ಲ ಅಜ್ಜಿ. ಇನ್ನೊಂದು ಹೋಗುವುದನ್ನು ನೋಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಅವರಿಗೆ ಬೇರೆ ಮದುವೆ ಆಗ್ಲಿಕ್ಕೆ ಹೇಳ್ತೇನೆ."

"ಜೋಯಿಸರು ಹೇಳಿದ್ದು ಸುಳ್ಳಾದ್ರೆ?"

"ನಿಜ ಆದ್ರೆ?"

ನಾನು ಇನ್ನೊಂದು ಎಲೆ ಕತ್ತರಿಸಿದೆ. ಆಮೇಲೆ ಅವಳೇ ಹೇಳಿದಳು, "ನೀವು ನಡೀತೀರಲ್ಲ ಅಜ್ಜಿ. ಮತ್ತೆ ಕಾಲು ಬರ್ಲಿಲ್ಲ ಅಂತ ಯಾಕೆ ಹೇಳ್ತೀರಿ?"

ನನಗೆ ಅದು ಹೊಸ ಮಾತು. ಅವಳು ಹುಟ್ಟಿದಾಗಿನಿಂದ ಕಂಡದ್ದು ನಾನು ಕೋಲು ಊರಿ ಬಾವಿಕಟ್ಟೆಗೆ, ಬೀಡಿ ಕೊಡುವ ಬ್ರಾಂಚಿಗೆ ಹೋಗಿ ಬರುವುದನ್ನು. ಅವಳ ಲೆಕ್ಕದಲ್ಲಿ ನಾನು ನಡೆಯುವವಳು. ತೆವಳುತ್ತಿದ್ದ ನನ್ನನ್ನು ನೋಡಿದವರು ಯಾರೂ ಈಗ ಉಳಿದಿಲ್ಲ. ನಾನು ಮಾತ್ರ ಇಷ್ಟು ವರ್ಷ ಅಮ್ಮನ ಲೆಕ್ಕವನ್ನೇ ಹಿಡಿದುಕೊಂಡಿದ್ದೆ, ಕಾಲು ಇನ್ನೂ ಬರಲಿಕ್ಕೆ ಉಂಟು ಎಂದು. ಪ್ರಾಯ ಎಪ್ಪತ್ತು ದಾಟಿತು, ಎಲ್ಲಿಂದ ಬರುವುದು? ಗುಡ್ಡ ಹತ್ತಿ ಕಾಯಿ ಒಡೆಸಿದರೆ ಇದು ಇಷ್ಟೇ, ಮುಗಿಯಿತು ಎಂದು ಹೇಳಿದ ಹಾಗೆ. ಅಮ್ಮ ಹೇಳದೆ ಉಳಿಸಿದ್ದು ಅದನ್ನೇ. ಆ ಮಾತನ್ನು ನಾನು ಹೇಳಬೇಕು.

ಒಂದು ವಾರ ಅದನ್ನೇ ತಿರುಗಿಸಿ ಯೋಚಿಸಿದೆ. ಭಾನುವಾರ ಹುಡುಗಿಯ ಗಂಡ ಬಂದು ಚಾವಡಿಯಲ್ಲಿ ಕೂತಾಗ ಒಳಗಿನಿಂದಲೇ ಹೇಳಿದೆ, "ಸರಿ, ಹೋಗುವ. ಎಲ್ಲರೂ ಹೋಗುವ. ಆದ್ರೆ ನಾನೇ ಹತ್ತುತ್ತೇನೆ. ಯಾರೂ ಹೊರುವುದು ಬೇಡ."

ಅವತ್ತಿನಿಂದ ಮನೆಯಲ್ಲಿ ಅದೇ ಮಾತು. ಹುಡುಗಿಯ ಗಂಡನಿಗೆ ಮೊದಲು ಹೊಳೆದದ್ದು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ ನಾಲ್ಕು ಜನ ಎತ್ತುವುದು. ಹೊರುವುದು ಬೇಡ ಎಂದ ಮೇಲೂ ಅವನು, "ದಾರಿ ಕಷ್ಟ ಇದ್ದಲ್ಲಿ ಮಾತ್ರ ಅಜ್ಜಿ" ಎಂದ. ಅವನಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಕಾಯಿಲೆ ಜೋರಾದದ್ದು ಮಳೆಗಾಲದಲ್ಲಿ. ಆಗ ನಮ್ಮ ಮನೆಗೆ ರಸ್ತೆ ಇರಲಿಲ್ಲ. ಅವಳನ್ನು ಹಾಗೆಯೇ ಬಿದಿರು ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ಗದ್ದೆಯ ಬದುವಿನ ಮೇಲೆ ಹೊತ್ತುಕೊಂಡು ಹೋದರು. ಸಂಜೆ ಖಾಲಿ ಕುರ್ಚಿಯನ್ನು ಹೊತ್ತವರಲ್ಲಿ ಒಬ್ಬನೇ ತಲೆಯ ಮೇಲಿಟ್ಟು ತಂದ. ನಮ್ಮ ಬದಿಯಲ್ಲಿ ಆ ಕುರ್ಚಿ ಹತ್ತಿದವರಲ್ಲಿ ಹೆಚ್ಚಿನವರ ಕಥೆ ಅದೇ. ನಾನು ಇದನ್ನು ಹೇಳಿದ ಮೇಲೆ ಅವನು ಬಿದಿರಿನ ಸುದ್ದಿ ಎತ್ತಲಿಲ್ಲ.

ಜೀಪಿನವನನ್ನು ಹುಡುಕಿದ್ದು ನಾನು. ಮುಂಡಾಜೆಯ ಬ್ಯಾರಿ, ಮುಸ್ಲಿಮರವನು. ಅವನ ತಂದೆ ಅಮ್ಮನ ತಾಯಿಮನೆಗೆ ಒಳ್ಳೆಮೆಣಸು ಕೊಳ್ಳಲು ಬರುತ್ತಿದ್ದರು. ಮಗ ಈಗ ಗುಡ್ಡ ನೋಡಲು ಬರುವ ಪೇಟೆಯವರನ್ನು ಜೀಪಿನಲ್ಲಿ ಹತ್ತಿಸುತ್ತಾನೆ. ಫೋನು ಮಾಡಿ ಅಮ್ಮನ ಹೆಸರು ಹೇಳಿದರೆ, "ನೀವು ಅವರ ಮಗಳಾ? ನಮ್ಮ ತಂದೆ ಹೇಳ್ತಿದ್ದ ಆ ಕಾಲಿನ ಹುಡುಗಿ?" ಎಂದ.

"ಹೌದು, ಅದೇ ಹುಡುಗಿ. ಈಗ ಹಲ್ಲೂ ಇಲ್ಲ."

"ಹಲ್ಲು ಬೇಡ ಬಿಡಿ, ಹತ್ಲಿಕ್ಕೆ ಹಲ್ಲು ಎಂತಕ್ಕೆ? ನನ್ನ ಜೀಪು ಗೋಡೆ ಬೇಕಾದ್ರೂ ಹತ್ತುತ್ತದೆ. ಬ್ರೇಕಿನ ವಿಷಯ ಮಾತ್ರ ಕೇಳ್ಬೇಡಿ."

ಅವನು ಮೊದಲು ಒಬ್ಬನೇ ಹೋಗಿ ದಾರಿ ನೋಡಿ ಬಂದ. ಫೋಟೋ ಕಳಿಸಿದ, ಆಮೇಲೆ ಫೋನಿನಲ್ಲಿ ವಿವರಿಸಿದ. ಹಿಂದಿನ ಬದಿಯ ಮಣ್ಣಿನ ದಾರಿಯಲ್ಲಿ ಜೀಪು ಒಂದು ಕಟ್ಟೆಯವರೆಗೆ ಹೋಗುತ್ತದೆ. ಅಲ್ಲಿಂದ ಮೆಟ್ಟಿಲು, ಒಂದು ಬದಿಗೆ ಕಬ್ಬಿಣದ ಸರಳು ಉಂಟು. ಸರಳು ಮುಗಿದ ಮೇಲೆ ಬರೇ ಬಂಡೆ, ಕಲ್ಲಿನಲ್ಲಿ ಕಡಿದ ಸಣ್ಣ ಸಣ್ಣ ಗುಂಡಿಗಳಲ್ಲಿ ಕಾಲಿಟ್ಟು ಹೋಗಬೇಕು.

"ನಿಮ್ಮ ಹಾಗೆ ಒಂದು ಕಾಲು ಎಳ್ಕೊಂಡು ಹತ್ತಿ ನೋಡಿದೆ ಅಜ್ಜಿ. ಸರಳು ಇರುವವರೆಗೆ ಆಗ್ತದೆ. ಮೇಲಿನದ್ದು ನನಗೇ ಆಗ್ಲಿಲ್ಲ. ಒಬ್ಬಳು ಹೆಂಗಸು ಪಾಪ ಕಂಡು ನನಗೆ ಭಿಕ್ಷೆ ಕೊಡ್ಲಿಕ್ಕೆ ಬಂದಳು."

"ತೆಗೊಂಡ್ಯಾ?"

"ಬಾಳೆಹಣ್ಣು ಕೊಟ್ಟಳು, ತಿಂದೆ."

ಹೀಗೆ ಸುಮ್ಮನೆ ಹೇಳಿ ಬಿಟ್ಟರೆ ಹಗುರ ಅನಿಸುತ್ತದೆ. ಹಗುರ ಇರಲಿಲ್ಲ. ಕಾಲು ಸರಿ ಇರುವವರು ಬಟ್ಟೆ, ತಿಂಡಿ, ನೀರು ಎಂದು ಯೋಚಿಸುತ್ತಾರೆ. ನಾನು ಯೋಚಿಸಿದ್ದು ಎಲ್ಲಿ ಕೂರುವುದು, ಕೂತರೆ ಏಳುವುದು ಹೇಗೆ, ಮೂತ್ರಕ್ಕೆ ಎಲ್ಲಿ ಹೋಗುವುದು ಎಂದು. ಮೂತ್ರದ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ನಾನೇ ಕೇಳಿದಾಗ ತಂಗಿಯ ಮಗಳು ಅಳಿಯನ ಎದುರು ನಾಚಿ ಒಳಗೆ ಹೋದಳು. ಅಳಿಯ ನಾಚಲಿಲ್ಲ. ಕಟ್ಟೆಯ ಹತ್ತಿರ ಮರೆ ಉಂಟಾ ಎಂದು ಜೀಪಿನವನಿಗೆ ಫೋನು ಮಾಡಿ ಕೇಳಿದ. ಅಳಿಯ ಹುಡುಗ ನನಗೆ ಹಿಡಿಸಿದ್ದು ಅವತ್ತು.

ಅವನು ಬಿ.ಸಿ.ರೋಡಿನ ಟಯರಿನ ಅಂಗಡಿಯಿಂದ ಹಳೆಯ ಟ್ಯೂಬು ತಂದು ಕತ್ತರಿಸಿ ಕೋಲಿನ ಬುಡಕ್ಕೆ ಕಟ್ಟಿದ. ಉಳಿದದ್ದನ್ನು ಹುಡುಗಿ ಗೋಣಿಯ ಮೇಲಿಟ್ಟು ಹೊಲಿದು ನನ್ನ ಹಿಂಬದಿಗೆ ಕಟ್ಟಲು ಪಟ್ಟಿ ಮಾಡಿದಳು. ಎತ್ತರದ ಮೆಟ್ಟಿಲಿನಲ್ಲಿ ನನಗೆ ನಿಂತು ಹತ್ತಲು ಆಗುವುದಿಲ್ಲ. ಹಿಂದೆ ತಿರುಗಿ ಕೂತು, ಕೈ ಊರಿ, ಮೇಲಿನ ಮೆಟ್ಟಿಲಿಗೆ ಎತ್ತಿ ಹಾಕಿಕೊಳ್ಳಬೇಕು. ಮನೆಯ ಎದುರಿನ ಮೆಟ್ಟಿಲಿನಲ್ಲಿ ದಿನಾ ಬೆಳಿಗ್ಗೆ ಅದನ್ನೇ ಮಾಡಿದೆ. ದಾರಿಯಲ್ಲಿ ಹೋಗುವವಳೊಬ್ಬಳು ನಿಂತು, "ಎಂತ ಅಜ್ಜಿ, ಸರ್ಕಸ್ಸಿಗೆ ಸೇರಿದ್ರಾ?" ಎಂದಳು.

"ಹೌದು. ಆನೆ ಸಿಕ್ಕಿಲ್ಲ, ನೀನು ಬರ್ತೀಯಾ?" ಎಂದೆ. ಅವಳು ಆಮೇಲೆ ಆ ದಾರಿಯಲ್ಲಿ ಬರಲಿಲ್ಲ.

ತಂಗಿಯ ಮಗಳಿಗೆ ಚಿಂತೆ ಬೇರೆ. ಕೂತು ಹತ್ತಿದರೆ ನಡೆದ ಹಾಗೆ ಆಗುತ್ತದಾ ಎಂದು. ಜೋಯಿಸರಿಗೆ ಫೋನು ಮಾಡಿದಳು. ಅವರು, ಭಕ್ತಿ ಮುಖ್ಯ ಎಂದರಂತೆ. ಹುಡುಗಿ ಮಾತ್ರ ಒಂದೇ ಮಾತು ಹೇಳಿದಳು, "ಇನ್ನೊಬ್ಬರ ಕಾಲಿನಲ್ಲಿ ಹೋಗದಿದ್ರೆ ಸಾಕು."

ದೀಪಾವಳಿ ಕಳೆದು, ಬಂಡೆಯ ಪಾಚಿ ಒಣಗಿದ ಮೇಲೆ ಹೊರಟೆವು. ಜೀಪು ಬೆಳಿಗ್ಗೆ ಬೇಗ ಮನೆಯ ಎದುರು ಬಂದು ನಿಂತಿತು. ನಾನು ಹಿಂದಿನ ಸೀಟಿನಲ್ಲಿ ಅಡ್ಡ ಕೂತು ಕಾಲನ್ನು ಮಡಚಿಟ್ಟುಕೊಂಡೆ. ಎದುರಿನಲ್ಲಿ ತಂಗಿಯ ಮಗಳು, ಪಕ್ಕದಲ್ಲಿ ಹುಡುಗಿ, ಮುಂದೆ ಅವಳ ಗಂಡ. ಹುಡುಗಿಯ ಅಪ್ಪ ಡ್ಯೂಟಿ ಬಿಟ್ಟು ಬರಲಿಲ್ಲ. ಗುರುವಾಯನಕೆರೆ ದಾಟುವಾಗ ಅವನ ಬಸ್ಸೇ ಎದುರಿನಿಂದ ಬಂದು ಹಾರ್ನ್ ಹೊಡೆದು ಹೋಯಿತು. ಹುಡುಗಿಯ ಮಡಿಲಿನ ಚೀಲದಲ್ಲಿ ಕಾಯಿ ಇತ್ತು, ದಾರಿಯುದ್ದಕ್ಕೂ ಅದನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು.

ಮಣ್ಣಿನ ದಾರಿಯಲ್ಲಿ ಜೀಪು ಹತ್ತಿದ್ದನ್ನು ಬರೆಯಲು ನನಗೆ ಬರುವುದಿಲ್ಲ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಏನೂ ಇಲ್ಲ. ತಂಗಿಯ ಮಗಳು ಕಣ್ಣು ಮುಚ್ಚಿ ಎಲ್ಲ ದೇವರನ್ನೂ ಕರೆದಳು. ಜೀಪಿನವ, "ನಮ್ಮವರನ್ನೂ ಒಬ್ಬರನ್ನು ಸೇರಿಸಿ ಅಕ್ಕ, ಸ್ಟೇರಿಂಗ್ ನನ್ನ ಕೈಯಲ್ಲುಂಟು" ಎಂದ. ನನಗೆ ಹೆದರಿಕೆ ಆಗಲಿಲ್ಲ. ಕಾಲು ಬೇಡದ ಕೆಲಸದಲ್ಲಿ ನನಗೆ ಹೆದರಿಕೆ ಇಲ್ಲ.

ಮೆಟ್ಟಿಲು ಬೇರೆ. ಮೊದಲಿನದ್ದು ತಗ್ಗು, ಸರಳು ಹಿಡಿದು ನಿಂತೇ ಹತ್ತಿದೆ. ಬಲಗಾಲು ಇಟ್ಟು, ಕೋಲು ಇಟ್ಟು, ಎಡಗಾಲನ್ನು ಎಳೆದು. ಆಮೇಲೆ ಎತ್ತರ ಹೆಚ್ಚಾಯಿತು. ಟ್ಯೂಬು ಕಟ್ಟಿ ಹಿಂದೆ ತಿರುಗಿ ಕೂತೆ. ಹಾಗೆ ಕೂತು ಹತ್ತುವವರಿಗೆ ಮೇಲೆ ಏನಿದೆ ಎಂದು ಕಾಣುವುದಿಲ್ಲ, ಬಿಟ್ಟುಬಂದದ್ದೇ ಕಾಣುತ್ತದೆ. ಕೆಳಗೆ ಅಮ್ಮನ ತಾಯಿಮನೆಯ ಬದಿ ಕಂಡಿತು. ನಾನು ಆ ಅಂಗಳ ಹುಡುಕಿದೆ. ಎಲ್ಲ ರಬ್ಬರು ತೋಟ, ಒಂದೇ ಬಣ್ಣ, ಯಾವುದು ಎಂದು ತಿಳಿಯಲಿಲ್ಲ. ಅಂಗೈ ಸಿಪ್ಪೆ ಎದ್ದಿತು. ನಡುವೆ ಮಂಗಗಳು ಬಂದು ತಂಗಿಯ ಮಗಳ ಕೈಯಿಂದ ಹೂವು, ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಹೋದವು. ಕಾಯಿ ಹುಡುಗಿಯ ಹತ್ತಿರ ಇದ್ದದ್ದಕ್ಕೆ ಉಳಿಯಿತು. ಹತ್ತುವ ಇತರ ಜನ ನನ್ನನ್ನು ದಾಟಿ ಹೋಗುವಾಗ ಕಾಲು ತಾಗದ ಹಾಗೆ ಸರಿದು ಹೋದರು. ಒಬ್ಬರು ನನಗೇ ಕೈಮುಗಿದರು. ನನಗೆ ಸಿಟ್ಟು ಬಂತು, ಮಾತಾಡಲು ಉಸಿರು ಇರಲಿಲ್ಲ.

ಸರಳು ಮುಗಿದಲ್ಲಿ ಬಂಡೆ ಶುರು. ಜೀಪಿನವ ಹೇಳಿದ ಹಾಗೆಯೇ ಇತ್ತು. ನಾನು ಕೈ ಊರಿ ನೋಡಿದೆ. ಕೈ ಜಾರಿತು. ಇನ್ನೊಮ್ಮೆ ನೋಡಿದೆ, ಬಲಗಾಲು ನಡುಗಿತು. ಅಲ್ಲೇ ಕೂತೆ.

"ಇಲ್ಲಿಗೆ ಸಾಕು" ಎಂದೆ.

"ಇಲ್ಲಿವರೆಗೆ ಬಂದು!" ತಂಗಿಯ ಮಗಳು ಅಳುವ ಹಾಗೆ ಹೇಳಿದಳು. "ದೇವಸ್ಥಾನ ಕಾಣ್ತಾ ಉಂಟು ದೊಡ್ಡಮ್ಮ."

ಹುಡುಗಿಯ ಗಂಡ ಎದುರು ಬಂದು ಕುಕ್ಕರುಗಾಲಿನಲ್ಲಿ ಕೂತು ಬೆನ್ನು ಕೊಟ್ಟ. "ಇದೊಂದು ಸ್ವಲ್ಪ ಅಜ್ಜಿ. ನಾನೊಬ್ಬನೇ ಹೊತ್ಕೊಳ್ತೇನೆ. ಯಾರಿಗೂ ಹೇಳುವುದು ಬೇಡ."

"ಯಾರಿಗೆ ಹೇಳದಿದ್ರೂ ಮೇಲೆ ಇರುವವರಿಗೆ ಕಾಣ್ತದೆ. ಏಳು."

ಹುಡುಗಿ ನನ್ನ ಮುಖ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಹೋಗಿತ್ತು. ಇಲ್ಲಿಂದ ಹಾಗೆಯೇ ಇಳಿದರೆ ಇವಳು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೆ ತಿಳಿಯಿತು. ಹರಕೆ ಒಪ್ಪಿಸುವಾಗ ಮನೆಯ ಹಿರಿಯರು ಗಟ್ಟಿಯಾಗಿ ಹೇಳಬೇಕು, ಅದು ಕ್ರಮ. ಹಿರಿಯಳು ನಾನೇ. ನಾನು ಮೇಲಕ್ಕೆ ತಿರುಗಿ ಕೂತು ಕೈಮುಗಿದು ಹೇಳಿದೆ.

"ನನ್ನ ಅಮ್ಮ ಕಾಲು ಬಂದ್ರೆ ಅಂತ ಹೇಳಿದ್ದಳು. ಬಂದದ್ದು ಇಷ್ಟು. ಇಷ್ಟಕ್ಕೆ ಇಷ್ಟು ಹತ್ತಿದ್ದೇನೆ. ಮೇಲಿನದ್ದು ಹತ್ತಬೇಕಾದ್ರೆ ನೀವು ಕೊಡಬೇಕಿತ್ತು, ಕೊಡ್ಲಿಲ್ಲ. ಅದನ್ನು ನಾನು ಇನ್ನು ಕೇಳುವುದಿಲ್ಲ. ಅಮ್ಮನೂ ಕಾಯುವುದು ಬೇಡ. ಕಾಲು ಬಂದು ಆಯಿತು. ನಿಮಗೂ ನಮಗೂ ಬಾಕಿ ಇಲ್ಲ. ಈ ಹುಡುಗಿಯನ್ನು ನಡುವೆ ಹಿಡಿಯುವುದು ಬೇಡ."

ತಂಗಿಯ ಮಗಳು ನನ್ನ ಬಾಯಿ ಮುಚ್ಚಲು ಬಂದಳು. ಆಗ ಹುಡುಗಿ ಮುಂದೆ ಬಂದು ಬಂಡೆಗೆ ಕಾಯಿ ಒಡೆದಳು. ನಾನು ಒಡೆ ಎಂದು ಹೇಳಿರಲಿಲ್ಲ.

"ನೀವು ಎಂತ ಬೇಕಾದ್ರೂ ಮಾಡಿ, ನಾನು ಮೇಲೆ ಹೋಗಿ ತಪ್ಪು ಕಾಣಿಕೆ ಹಾಕಿ ಬರ್ತೇನೆ" ಎಂದು ಅವಳ ತಾಯಿ ಎದ್ದಳು.

"ಹಾಕು. ನಿನ್ನ ಹೆಸರಲ್ಲಿ ಹಾಕು. ನನ್ನ ಅಮ್ಮನ ಹೆಸರಲ್ಲಿ ಬೇಡ."

ಅವಳು ಹೋದಳು. ಅಳಿಯ ಅವಳ ಕೈ ಹಿಡಿದು ಹತ್ತಿಸಲು ಜೊತೆಗೆ ಹೋದ. ನಾವಿಬ್ಬರೇ ಉಳಿದೆವು. ಗಾಳಿ ಇತ್ತು. ಹುಡುಗಿ ಕಾಯಿಯ ಚೂರು ಹೆಕ್ಕುತ್ತಾ ಕೇಳಿದಳು, "ತೀರಿತಾ ಅಜ್ಜಿ?"

"ನಮ್ಮ ಕಡೆಯಿಂದ ತೀರಿತು."

"ಅವರ ಕಡೆಯಿಂದ?"

"ಅದು ನನಗೆ ಗೊತ್ತಿಲ್ಲ. ನಿನಗೂ ಗೊತ್ತಾಗ್ಲಿಕ್ಕಿಲ್ಲ. ಇನ್ನೊಂದು ಹೋದ್ರೂ ಹೋದೀತು. ಹೋದ್ರೆ ನನ್ನ ಅಮ್ಮನ ಮೇಲೆ ಹಾಕ್ಬೇಡ. ನಿನ್ನ ಮೇಲೂ ಹಾಕ್ಕೊಳ್ಬೇಡ."

ಅವಳು ಅತ್ತಳು. ಮಗು ಹೋದಾಗಲೂ ಅವಳು ಹಾಗೆ ಶಬ್ದ ಮಾಡಿ ಅತ್ತಿರಲಿಲ್ಲ. ನಾನು ತಡೆಯಲಿಲ್ಲ, ತಲೆ ಸವರಲಿಲ್ಲ. ನನಗೂ ನನ್ನದು ಇತ್ತು. ಅಮ್ಮ ಸತ್ತು ಎಷ್ಟೋ ವರ್ಷವಾಯಿತು. ಅವಳ ಕೈಯಿಂದ ಕೊನೆಯದ್ದನ್ನು ಕಿತ್ತುಕೊಂಡ ಹಾಗೆ ಅವತ್ತು ಅನಿಸಿತು. ಸರಿಯಾದದ್ದೇ ಮಾಡಿದ್ದು, ಆದರೂ ಅನಿಸಿತು.

ಮೇಲೆ ಹೋದವರಿಬ್ಬರು ಹಿಂದೆ ಬಂದ ಮೇಲೆ ಹೊರಟೆವು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹುಡುಗಿ ನನಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ, ಹಿಂದೆ ಹಿಂದೆ ಇಳಿದಳು. ನಾನು ಜಾರಿದರೆ ಅವಳ ಮೇಲೆಯೇ ಬೀಳಬೇಕು. "ಸರಿ ಆಚೆ, ನಿನ್ನ ಹೊಟ್ಟೆಗೆ ತಾಗೀತು" ಎಂದು ಬೈದೆ. "ಹೊಟ್ಟೆಯಲ್ಲಿ ಈಗ ಎಂತ ಉಂಟು ತಾಗ್ಲಿಕ್ಕೆ? ನೀವು ಕಾಲು ಇಡಿ" ಎಂದಳು. ಕಟ್ಟೆಯವರೆಗೂ ಹಾಗೆಯೇ ಇಳಿದೆವು. ನನ್ನ ಎಡಗಾಲನ್ನು ಅವಳೇ ಎತ್ತಿ ಎತ್ತಿ ಕೆಳಗಿನ ಮೆಟ್ಟಿಲಿಗೆ ಇಟ್ಟಳು.

ಹಿಂದೆ ಬರುವಾಗ ಗುರುವಾಯನಕೆರೆಯಲ್ಲಿ ಚಹಾ ಕುಡಿಯಲು ಜೀಪು ನಿಲ್ಲಿಸಿದೆವು. ಅಲ್ಲಿ ದಾರಿ ಎರಡಾಗುತ್ತದೆ. ಒಂದು ವೇಣೂರಿನ ಮೇಲೆ ಮೂಡುಬಿದಿರೆಗೆ, ಒಂದು ನಮ್ಮ ಬಂಟ್ವಾಳಕ್ಕೆ. ನಾನು ಇಳಿಯಲಿಲ್ಲ, ಚಹಾವನ್ನು ಒಳಗೆ ತಂದು ಕೊಟ್ಟರು. ಮೂಡುಬಿದಿರೆಯ ಬಸ್ಸು ಬಂದು ನಿಂತಿತು. ಹುಡುಗಿ ಗ್ಲಾಸು ಇಟ್ಟು ಗಂಡನನ್ನು ನೋಡಿದಳು.

"ಹೋಗುವ" ಎಂದಳು.

ಅವನಿಗೆ ಅರ್ಥ ಆಗಲಿಲ್ಲ. "ಎಲ್ಲಿಗೆ?"

"ಮನೆಗೆ. ಬಸ್ಸು ಹೋಗ್ತದೆ, ಬೇಗ."

"ಬಟ್ಟೆ?" ಎಂದು ಅವಳ ತಾಯಿ ಕೂಗಿದಳು. "ಮದ್ದೆಲ್ಲ ನಮ್ಮಲ್ಲೇ ಉಂಟು ಮಾರಾಯ್ತಿ!"

"ಮತ್ತೆ ತರ್ತೇನೆ ಅಮ್ಮ."

ಬಸ್ಸು ಹತ್ತುವಾಗ ಅವಳು ತಿರುಗಿ ನೋಡಲಿಲ್ಲ. ಅವನು ಎರಡು ಸಲ ನೋಡಿದ. ಈಗ ತಿಂಗಳುಗಳು ಕಳೆದಿವೆ. ವಿಶೇಷ ಉಂಟಾ ಎಂದು ಫೋನಿನಲ್ಲಿ ಕೇಳಬೇಡ ಎಂದು ಅವಳ ತಾಯಿಗೆ ಹೇಳಿದ್ದೇನೆ. ಕೇಳುತ್ತಾಳೋ ಏನೋ, ನನಗೆ ಗೊತ್ತಿಲ್ಲ. ಅವತ್ತು ಬಸ್ಸು ಹೋದ ಮೇಲೆ ಜೀಪಿನವ, "ಹೊರಡುವನಾ ಅಜ್ಜಿ?" ಎಂದು ಕೇಳಿದ. ಸೊಂಟದಿಂದ ಕೆಳಗೆ ಎಲ್ಲ ಉರಿಯುತ್ತಿತ್ತು. ಹೊರಡು ಎಂದೆ. ಹುಡುಗಿ ಎದ್ದುಹೋದ ಜಾಗದ ಮೇಲೆ ಕಾಲು ಚಾಚಿದೆ.